ತೋಯಾಂಗಕ್ಕನ ಉದ್ದನೆ ಬೆಂಚು

ಹೊದ್ಕೊಂಡ್ಯಾ? ಕಾಲು ಒಳಗಿಟ್ಕೋ. ನೀನು ಹೂಂಗುಟ್ಟೋದು ನಿಲ್ಲಿಸಿದ್ರೆ ನಾನೂ ಕತೆ ನಿಲ್ಲಿಸ್ತೀನಿ, ಗೊತ್ತಲ್ಲ. ಇದು ನಮ್ಮ ಕಡೆ ಕತೆ ಅಲ್ಲ ನೀಲೂ. ನಾನು ಕುವೈತ್‌ನಲ್ಲಿ ಸಾಹುಕಾರರ ಮನೇಲಿ ಅಡುಗೆಗೆ ಇದ್ನಲ್ಲ, ಆಗ ನನ್ನ ಜೊತೆ ಪಾತ್ರೆ ತೊಳೀತಿದ್ದ ನೆನಿತಾ ಹೇಳಿದ್ದು. ಅವಳದು ಫಿಲಿಪೀನ್ಸ್ ದೇಶ. ಕ್ರಿಸ್ಮಸ್ ಬಂತು ಅಂದ್ರೆ ಅವಳಿಗೆ ಊರ ತಿಂಡಿ ನೆನಪಾಗೋದು, ಅರ್ಧ ಇಂಗ್ಲಿಷಲ್ಲಿ, ಅರ್ಧ ಕೈಸನ್ನೇಲಿ ಈ ಕತೆ ಹೇಳೋಳು. ನಾನು ಈರುಳ್ಳಿ ಹೆಚ್ಚುತ್ತಾ ಕೇಳ್ತಿದ್ದೆ. ಇಬ್ಬರ ಕಣ್ಣಲ್ಲೂ ನೀರು, ಯಾರದು ಯಾತಕ್ಕೆ ಅಂತ ಕೇಳೋರಿರಲಿಲ್ಲ.

ಒಂದಾನೊಂದು ಕಾಲದಲ್ಲಿ, ಲೆಕ್ಕ ಇಲ್ಲದಷ್ಟು ದ್ವೀಪ ಇರೋ ಆ ದೇಶದಲ್ಲಿ, ಒಂದು ಸಣ್ಣ ದ್ವೀಪದಲ್ಲಿ, ಒಂದು ಊರಿತ್ತಂತೆ. ಊರ ನಡುವೆ ಒಂದು ಚರ್ಚು, ಚರ್ಚಿನ ಮುಂದೆ ಬಯಲು, ಬಯಲಲ್ಲಿ ತೆಂಗಿನ ಗರಿ ಹೊದಿಸಿದ ಒಂದು ಹೋಟ್ಲು, ಅದರ ಮುಂದೆ ಒಂದು ಉದ್ದನೆ ಬೆಂಚು. ಅದು ತೋಯಾಂಗಕ್ಕ ಅನ್ನೋ ಹೆಂಗಸಿನ ಹೋಟ್ಲಂತೆ. ಅಲ್ಲಿ ಬೋರ್ಡಿಲ್ಲ, ಪಟ್ಟಿ ಇಲ್ಲ. ಪಾತ್ರೆಗಳ ಮುಚ್ಚಳ ಎತ್ತಿ ನೋಡೋದು, ಇದು ಬೇಕು ಅದು ಬೇಕು ಅಂತ ಬೆರಳು ತೋರಿಸೋದು, ಅವಳು ಬಡಿಸೋದು. ಮೀನು ಹಿಡಿಯೋನು, ಗಾಡಿ ಎಳೆಯೋನು, ಬಟ್ಟೆ ಒಗೆಯೋಳು, ಎಲ್ಲರಿಗೂ ಅವರವರ ಜೇಬಿಗೆ ಆಗೋಷ್ಟು ಊಟ. ಆಮೇಲೆ ಇನ್ನೊಂದು ಪದ್ಧತಿ. ಅನ್ನ ತಗೊಂಡೋರಿಗೆ ಒಂದು ಬಟ್ಟಲು ಬಿಸಿ ಸಾರು ಸುಮ್ಮನೆ ಕೊಡೋದು. ಸಾರಿಗೆ ಬೆಲೆ ಇಲ್ಲ. ಇನ್ನೂ ಬೇಕು ಅಂದ್ರೆ ಇನ್ನೂ ಒಂದು ಸೌಟು.

ಖಾಲಿ ಸಾರಾ ಅಜ್ಜಿ?

ಖಾಲಿ ಯಾಕೆ, ಮೂಳೆ ಬೇಯಿಸಿ, ಶುಂಠಿ ಜಜ್ಜಿ ಹಾಕಿ, ನುಗ್ಗೆಸೊಪ್ಪು ಉದುರಿಸಿದ ಸಾರು. ಹೂಂ ಕಣೇ, ನಮ್ಮ ನುಗ್ಗೆಸೊಪ್ಪೇ. ಅಲ್ಲೂ ಬೇಲಿ ಬೇಲೀಲಿ ಬೆಳೆಯುತ್ತಂತೆ.

ತೋಯಾಂಗಕ್ಕನಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳು ಲೂಡಿಂಗ್, ಅವಳ ಕೈಲಿ ಬಿಬಿಂಕಾ ಅನ್ನೋ ತಿಂಡಿ. ಅಕ್ಕಿ ರುಬ್ಬಿ, ತೆಂಗಿನ ಹಾಲು ಹಾಕಿ, ಬಾಳೆಲೆ ಹಾಸಿದ ಮಣ್ಣಿನ ತಟ್ಟೇಲಿ ಹೊಯ್ದು, ಕೆಳಗೂ ಕೆಂಡ, ಮೇಲಿನ ಮುಚ್ಚಳದ ಮೇಲೂ ಕೆಂಡ ಇಟ್ಟು ಸುಡೋದು. ನಡುವಿನವಳು ಮೀಲಿಂಗ್, ಅವಳದು ನೇರಳೆ ಬಣ್ಣದ ಪುಟ್ಟು, ಬಿದಿರಿನ ಕೊಳವೇಲಿ ಹಬೆ ಹಾಯಿಸಿ ತಟ್ಟಂತ ಎಲೆ ಮೇಲೆ ಬೀಳಿಸಿ ಬೆಣ್ಣೆ, ಕಾಯಿತುರಿ, ಬೆಲ್ಲ ಹಾಕಿಕೊಡೋಳು. ಕೊನೆಯವಳು ಈಸ್ಕಾ, ಅವಳ ಕೆಲಸ ಆ ಪುಕ್ಕಟೆ ಸಾರು, ಶುಂಠಿ ಕಷಾಯ. ಅಕ್ಕಂದಿರನ್ನ ಹೊಗಳೋರೇ ಎಲ್ಲ. ಪುಕ್ಕಟೆ ಕೊಡೋಳನ್ನ ಯಾರು ಹೊಗಳ್ತಾರೆ? ನನ್ನೂ ಯಾರೂ ಹೊಗಳಲಿಲ್ಲ ಬಿಡು.

ಆ ಊರಲ್ಲಿ ಕ್ರಿಸ್ಮಸ್ಸಿಗೆ ಮುಂಚೆ ಒಂಬತ್ತು ದಿನ ಕೋಳಿ ಕೂಗೋ ಹೊತ್ತಿಗೆ ಎದ್ದು ಚರ್ಚಿಗೆ ಹೋಗ್ತಾರಂತೆ. ಪೂಜೆ ಮುಗಿಸಿ ಹೊರಗೆ ಬಂದು ಚಳೀಲಿ ಕಷಾಯ ಕುಡಿದು, ಬಿಸಿ ಬಿಬಿಂಕಾ ತಿಂದ್ರೇನೇ ಅವರಿಗೆ ಹಬ್ಬ ಬಂತು ಅಂತ. ಆಗ ಉಣ್ಣೋರ ಎದುರು ಯಾರಾದ್ರೂ ಹಾದು ಹೋದ್ರೆ, ಬನ್ನಿ ಉಣ್ಣೋಣ ಅಂತ ಕರೀಲೇಬೇಕು. ಗುರುತಿರಲಿ ಇಲ್ಲದಿರಲಿ. ಕರೀದೆ ತಿಂದ್ರೆ ಅದು ಊಟವೇ ಅಲ್ಲ ಅಂತಾರಂತೆ.

ಆಮೇಲೆ ಆ ಊರಲ್ಲೇ ದೋನ್ ಕಸ್ಮಿರೋ ಅಂತ ಒಬ್ಬ ಜಮೀನ್ದಾರ ಇದ್ದನಂತೆ. ಅವನ ಮನೇಲಿ ಇಪ್ಪತ್ತು ಕುರ್ಚಿ ಹಾಕೋ ಮೇಜು, ಉಣ್ಣೋನು ಒಬ್ಬನೇ. ದುಡ್ಡಿರೋರಿಗೆ ಒಂದು ರೋಗ ಇರುತ್ತೆ ಮಗಾ, ತಮ್ಮ ತಟ್ಟೆ ತುಂಬಿದ್ರೆ ಸಾಲದು, ಪಕ್ಕದವನ ತಟ್ಟೆ ತಮ್ಮ ಮೇಜಿನ ಮೇಲೇ ಇರಬೇಕು ಅನ್ನೋ ರೋಗ. ಅವನು ಬಯಲಿನ ಇನ್ನೊಂದು ಮೂಲೇಲಿ ಕನ್ನಡಿ ಗೋಡೆ ಇರೋ, ಬಿಳಿ ಬಟ್ಟೆ ಹಾಸಿದ ದೊಡ್ಡ ಹೋಟ್ಲು ಕಟ್ಟಿದನಂತೆ. ಜನ ಬಂದು ಕನ್ನಡೀಲಿ ತಲೆ ಬಾಚ್ಕೊಂಡು ತೋಯಾಂಗಕ್ಕನ ಬೆಂಚಿಗೆ ಹೋಗಿ ಕೂತರಂತೆ.

ದೋನ್‌ಗೆ ಮೈಯೆಲ್ಲಾ ಉರಿದುಹೋಯ್ತು. ಬಯಲು ಊರಿನದು, ಆದ್ರೆ ಊರಿನ ಹತ್ರ ಕಾಗದ ಇರಲಿಲ್ಲ. ಇವನು ಕಾಗದ ಮಾಡಿಸಿಕೊಂಡ. ಕಾಗದ ಮಾಡಿಸೋರಿಗೆ ಕಾಗದ ಸಿಗುತ್ತೆ. ಬಂದು, ಏ ತೋಯಾಂಗ್, ಬೆಂಚು ಎತ್ತು, ಈ ಜಾಗ ನಂದು, ನಿನ್ನ ಹೊಗೆ ನನ್ನ ಕನ್ನಡಿಗೆ ಬಡೀತಾ ಇದೆ ಅಂದನಂತೆ. ಅವಳಿಗೂ ಬಾಯಿ ಜಾಸ್ತಿ. ದೊರೆ, ನಿಮ್ಮ ಕನ್ನಡಿ ಒರೆಸ್ಕೊಳ್ಳಿ, ನನ್ನಜ್ಜಿ ಕಾಲದಿಂದ ಈ ಬೆಂಚಿನಿಂದ ಒಬ್ಬರೂ ಹಸಿದು ಎದ್ದು ಹೋಗಿಲ್ಲ, ನಿಮ್ಮಲ್ಲಿ ಒಬ್ಬರೂ ಕೂತೇ ಇಲ್ಲ ಅಂದುಬಿಟ್ಟಳಂತೆ. ಊರೆಲ್ಲಾ ಗೊಳ್ ಅಂತ ನಕ್ಕಿತು. ಆ ನಗುವೇ ತಪ್ಪಾಯ್ತು ನೋಡು. ಹಾಗಾದ್ರೆ ಪಂದ್ಯ, ಅಂದ ದೋನ್. ಈ ಒಂಬತ್ತು ಬೆಳಗಿನಲ್ಲಿ ಒಬ್ಬನೇ ಒಬ್ಬ ನಿನ್ನ ಬೆಂಚಿನಿಂದ ಹಸಿದು ಎದ್ದರೂ ನೀನು ಜಾಗ ಬಿಡಬೇಕು. ಯಾರೂ ಏಳದಿದ್ರೆ ಈ ಜಾಗ ಬೆಂಚಿಗೇ ಅಂತ ಬರೆದುಕೊಡ್ತೀನಿ. ಊರೆಲ್ಲಾ ಕೇಳಿಸ್ಕೊಂಡಿತು. ತೋಯಾಂಗಕ್ಕ ಹೂಂ ಅಂದಳು, ಆಮೇಲೆ ಒಳಗೆ ಹೋಗಿ ತಲೆ ಮೇಲೆ ಕೈ ಹೊತ್ತು ಕೂತಳು. ಆ ಜಾಗ ಹೋದ್ರೆ ನಾಲ್ಕು ಜನದ ಅನ್ನ ಹೋದಂಗೆ.

ಹೂಂ ಅನ್ನು.

ಹೂಂ.

ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೇ ಬೆಳಗ್ಗೆ ನೋಡ್ತಾರೆ, ಊರಲ್ಲಿ ಒಂದು ಚೂರೂ ಇದ್ದಿಲು ಇಲ್ಲ. ದೋನ್ ಎಲ್ಲಾ ಕೊಂಡು ಗೋದಾಮಿಗೆ ತುಂಬಿಸಿದ್ದನಂತೆ. ಒಲೆ ಹೆಂಗೋ ಸೌದೇಲಿ ಉರಿಯುತ್ತೆ, ಆದ್ರೆ ಬಿಬಿಂಕಾದ ನೆತ್ತಿ ಮೇಲೆ ಸೌದೆ ಇಡೋಕಾಗುತ್ತಾ? ಲೂಡಿಂಗ್ ಕಣ್ಣೊರೆಸ್ಕೊಂಡು ಮನೆ ಮನೆ ಬಾಗಿಲು ತಟ್ಟಿ, ನಿಮ್ಮ ಒಲೇಲಿ ಒಂದಿಷ್ಟು ಕೆಂಡ ಇದ್ಯಾ ಅಂತ ಕೇಳಿದಳಂತೆ. ಅಷ್ಟೇ. ಚರ್ಚಿಗೆ ಬರೋರೆಲ್ಲಾ ತೆಂಗಿನ ಚಿಪ್ಪಲ್ಲಿ ಒಂದೊಂದು ಹಿಡಿ ಕೆಂಡ ತಂದರಂತೆ. ಆ ಕತ್ತಲಲ್ಲಿ ದಾರಿ ಉದ್ದಕ್ಕೂ ಕೆಂಪು ಚಿಪ್ಪುಗಳು ನಡ್ಕೊಂಡು ಬರ್ತಿದ್ವಂತೆ. ದೇವರು ಬಂದ ಅಂದುಕೋಬೇಡ, ಪಕ್ಕದ ಮನೆಯೋರು ಬಂದರು.

ಆಮೇಲೆ ಆರನೇ ಬೆಳಗ್ಗೆ ಪುಟ್ಟಿಗೆ ಹಾಕೋ ನೇರಳೆ ಅಕ್ಕಿ ಮಾಯ. ಅದನ್ನೂ ದೋನ್ ಕೊಂಡಿದ್ದ, ತನ್ನ ಹೋಟ್ಲಲ್ಲಿ ತಾನೇ ಪುಟ್ಟು ಮಾಡಿಸ್ತೀನಿ ಅಂತ. ಇತ್ತ ಮೀಲಿಂಗ್ ಬಿಳಿ ಅಕ್ಕೀಲಿ ಮಾಡಿಟ್ಟರೆ ಜನ ಮುಖ ಕಿವುಚಿದರಂತೆ. ಬಿಳೀದು ದಿನಾ ತಿಂತೀವಲ್ಲ, ಹಬ್ಬಕ್ಕೆ ನೇರಳೇನೇ ಬೇಕು ಅಂತ ಒಬ್ಬ ಗಾಡಿಯೋನು ಎಲೆ ಅತ್ತ ತಳ್ಳಿ ಏಳೋಕೆ ಹೊರಟ. ಮೀಲಿಂಗ್ ಅವನ ಹೆಗಲು ಒತ್ತಿ ಕೂರಿಸಿ, ಅಣ್ಣಾ, ಒಂದು ಗಳಿಗೆ ತಾಳು, ಎದ್ದರೆ ನಿನ್ನ ಗಾಡಿ ಚಕ್ರ ಬಿಚ್ತೀನಿ ಅಂದು, ಹಿತ್ತಲಿಗೆ ಓಡಿ, ನೇರಳೆ ಗೆಣಸು ಅಗೆದು, ಬೇಯಿಸಿ, ಅರೆದು, ಹಿಟ್ಟಿಗೆ ಕಲಸಿದಳಂತೆ. ಪುಟ್ಟು ನೇರಳೆ ಆಯ್ತು, ಮೊದಲಿಗಿಂತ ಮೆತ್ತಗೂ ಆಯ್ತು. ಗಾಡಿಯೋನು ನಾಲ್ಕು ತಿಂದ. ಅತ್ತ ದೋನ್‌ನ ಪಟ್ಟಣದ ಅಡುಗೆಯೋನು ಆ ಅಕ್ಕೀನ ಹಿಂದಿನ ದಿನವೇ ನೆನೆಹಾಕಬೇಕು ಅಂತ ಗೊತ್ತಿಲ್ದೆ ಹಂಗೇ ಬೇಯಿಸಿದ್ದ. ತಿಂದೋನ ಹಲ್ಲು ಅಲ್ಲಾಡಿತಂತೆ.

ಹೆ ಹೆ.

ನಗು ನಗು. ಒಂಬತ್ತನೇ ಬೆಳಗು ಬಂತು ನೋಡು, ಆಗ ನಗು ಹಾರಿಹೋಯ್ತು. ಈ ಸಲ ದೋನ್ ಸಂತೆಗೆ ಸಂತೇನೇ ಕೊಂಡಿದ್ದ. ಅಕ್ಕಿ ಇಲ್ಲ, ತೆಂಗಿನಕಾಯಿ ಇಲ್ಲ, ಮಾಂಸ ಇಲ್ಲ, ಮೀನಿಲ್ಲ. ಲೂಡಿಂಗ್ ಒಲೆ ತಣ್ಣಗೆ, ಮೀಲಿಂಗ್ ಕೊಳವೆ ಖಾಲಿ. ತೋಯಾಂಗಕ್ಕ ಪಾತ್ರೆಗಳನ್ನ ಬೋರಲು ಹಾಕಿ, ಆಯ್ತು ಮಕ್ಕಳಾ, ಬೆಂಚು ಎತ್ತೋಣ ಅಂದಳಂತೆ. ಆಗ ಈಸ್ಕಾ, ಅಮ್ಮಾ ನನ್ನ ಪಾತ್ರೆ ನೋಡಿಲ್ಲ ನೀನು ಅಂದಳಂತೆ. ಮುಚ್ಚಳ ತೆಗೆದ್ರೆ ಕಂಠಮಟ್ಟ ಸಾರು ಕುದೀತಾ ಇದೆ. ಮೂಳೆ ಕಟುಕ ಸುಮ್ಮನೆ ಕೊಡೋದು, ಶುಂಠಿ ಹಿತ್ತಲದು, ನುಗ್ಗೆಸೊಪ್ಪು ಬೇಲೀದು. ದೋನ್ ಮಾರೋದನ್ನೆಲ್ಲಾ ಕೊಂಡಿದ್ದ ಮಗಾ. ಮಾರದೇ ಇರೋದೂ ಒಂದಿದೆ ಅನ್ನೋದು ಆ ಹೆಡ್ಡನಿಗೆ ಹೊಳೀಲೇ ಇಲ್ಲ.

ಅಷ್ಟರಲ್ಲಿ ದೋನ್ ತಾನೇ ಬಂದ, ರೇಷ್ಮೆ ಅಂಗಿ ಹಾಕ್ಕೊಂಡು. ಬೆಂಚಿನ ನಡುವೆ ಕಾಲು ಚಾಚಿ ಕೂತು, ನಂಗೆ ಹಸಿವಾಗಿದೆ, ಬಡಿಸಿ ಅಂದ. ಅವನ ಲೆಕ್ಕ ಎಲ್ಲರಿಗೂ ಗೊತ್ತಾಗಿಹೋಯ್ತು. ಹಸಿದು ಏಳೋ ಆ ಒಬ್ಬ ತಾನೇ ಆಗ್ತಾನೆ! ಈಸ್ಕಾ ಬಟ್ಟಲು ಸಾರು ಕೊಟ್ಟಳು, ಕುಡಿದ. ಹೊಟ್ಟೆ ತುಂಬಲಿಲ್ಲ ಅಂದ. ಇನ್ನೊಂದು ಕೊಟ್ಟಳು. ತುಂಬಲಿಲ್ಲ. ಮೂರನೇದು ಕೊಟ್ಟಳು. ಪುಕ್ಕಟೆ ನೀರಿಗೆ ಯಾರ ಹೊಟ್ಟೆ ತುಂಬುತ್ತೆ ಹುಡುಗಿ, ನಾನು ಹಸಿದೇ ಇದ್ದೀನಿ, ಎಲ್ಲರೂ ಕೇಳಿಸ್ಕೊಳ್ಳಿ ಅಂದ.

ಈಸ್ಕಾ ಜಾಸ್ತಿ ಮಾತಾಡೋಳಲ್ಲ. ಸೌಟು ಕೆಳಗಿಟ್ಟು ಜನದ ಕಡೆ ತಿರುಗಿ, ದೋನ್ ಹಸಿದಿದ್ದಾರಂತೆ, ನೀವು ಯಾರೂ ಅವರನ್ನ ಊಟಕ್ಕೆ ಕರೆಯಲ್ವಾ ಅಂದಳಂತೆ, ಅಷ್ಟೇ.

ಗಾಡಿಯೋನು ಮೊದಲು ಎದ್ದ. ಮನೇಲಿ ಹಬ್ಬಕ್ಕೆ ಮಾಡಿದ್ದ ಅನ್ನ ತಂದು, ಬನ್ನಿ ದೊರೆ, ಉಣ್ಣೋಣ ಅಂದ. ದೋನ್ ಬೇಡ ಅನ್ನೋಕೆ ಬಾಯಿ ತೆಗೆದ. ಬಟ್ಟೆ ಒಗೆಯೋ ಮುದುಕಿ ಸೊಂಟದ ಮೇಲೆ ಕೈಯಿಟ್ಟು, ಅಯ್ಯೋ, ಹಸಿದೋನು ಬೇಡ ಅಂತಾನಾ? ಹಸಿವಿಲ್ಲ ಅನ್ನಪ್ಪಾ, ಹಾಗಿದ್ರೆ ಬಿಟ್ಟುಬಿಡ್ತೀವಿ ಅಂದಳು. ದೋನ್ ತಿಂದ. ಆಮೇಲೆ ಅವಳು ತನ್ನ ಮನೆ ಹಲಸಿನ ಪಲ್ಯ ತಂದಳು, ಬನ್ನಿ ಉಣ್ಣೋಣ ಅಂದಳು. ತಿಂದ. ಆಮೇಲೆ ಮೀನಿನೋನ ಹೆಂಡತಿ ಹುರಿದ ಮೀನು ತಂದಳು, ಆಮೇಲೆ ಗಂಟೆ ಹೊಡೆಯೋನು ಗೆಣಸಿನ ಸಿಹಿ ತಂದ, ಆಮೇಲೆ ಇಡೀ ಬೀದಿ ತಟ್ಟೆ ಹಿಡ್ಕೊಂಡು ಸಾಲಾಗಿ ನಿಂತಿತು. ಬನ್ನಿ ದೊರೆ, ಬನ್ನಿ ಉಣ್ಣೋಣ. ಬೆಂಚಲ್ಲಿ ಜಾಗ ಸಾಲದೆ, ಸ್ವಲ್ಪ ಸರೀರಿ ದೊರೆ ಅಂತ ಅವನನ್ನ ಒತ್ತಿ ಒತ್ತಿ ತುದಿಗೆ ತಂದರಂತೆ. ಇಪ್ಪತ್ತು ಕುರ್ಚಿ ಮನೇಲಿದ್ದೋನಿಗೆ ಹುಟ್ಟಿದಾಗಿನಿಂದ ಯಾರೂ ಸರಿದು ಕೂರಿ ಅಂದಿರಲಿಲ್ಲ. ಬಾ ಉಣ್ಣೋಣ ಅಂತಲೂ ಅಂದಿರಲಿಲ್ಲ. ತಿಂತಾ ತಿಂತಾ ಅವನ ಹಣೇಲಿ ಬೆವರು, ಅಂಗಿ ಗುಂಡಿ ಒಂದು ಪಟ್ ಅಂತ ಹಾರಿ ಈಸ್ಕಾನ ಪಾತ್ರೇಲಿ ಬಿತ್ತು.

ಆಮೇಲೆ ಬೆಳಗಿನ ಎರಡನೇ ಪೂಜೆಗೆ ಚರ್ಚಿನ ಗಂಟೆ ಹೊಡೀತು. ಮುಂದಿನ ಸಾಲಿನ ಕುರ್ಚಿ ಅವನದು, ಹೋಗಲೇಬೇಕು. ದೋನ್ ಬೆಂಚು ಹಿಡ್ಕೊಂಡು ಎದ್ದು ನಿಂತ. ತೋಯಾಂಗಕ್ಕ ಸೆರಗಲ್ಲಿ, ಸೆರಗಿಲ್ಲ ಅವರಿಗೆ, ಕೈಯಲ್ಲಿ ಬಾಯಿ ಮುಚ್ಕೊಂಡಳು. ದೋನ್ ಎದೆ ಉಬ್ಬಿಸಿ, ನೋಡಿ ಜನಗಳೇ, ನಾನು ಹಸಿ... ಅಂತ ಶುರು ಮಾಡಿದ.

ಬಂತು ನೋಡು ಒಂದು ತೇಗು!

ಹೆಂಗೆ ಅಜ್ಜಿ?

ಗ್‌ರ್‌ರ್‌ರ್‌ ಅಂತ! ಚರ್ಚಿನ ಸೂರಿನ ಮೇಲಿದ್ದ ಪಾರಿವಾಳ ಅಷ್ಟೂ ಹಾರಿಹೋದ್ವಂತೆ. ನಾಯಿ ಬೊಗಳಿತಂತೆ. ಬಾಯಿ ಸುಳ್ಳು ಹೇಳೋಕೆ ಹೊರಟಿತ್ತು, ಹೊಟ್ಟೆ ನಿಜ ಹೇಳಿಬಿಡ್ತು. ನಿಂತಿದ್ದೋರು ಕೂತರು, ಕೂತಿದ್ದೋರು ಬಿದ್ದು ಬಿದ್ದು ನಕ್ಕರು. ಪಾದ್ರಿ ಬಾಗಿಲಿಗೆ ಬಂದು, ಏನಪ್ಪಾ ಗುಡುಗು ಅಂದರಂತೆ.

ದೋನ್ ಮುಖ ಹುಣಸೆಹಣ್ಣಾಯ್ತು. ತೋಯಾಂಗಕ್ಕ ನಗಲಿಲ್ಲ, ಕೈನೂ ಮುಗೀಲಿಲ್ಲ. ದೊರೆ, ಬಾಯಿಮಾತು ಸಾಕಾಯ್ತು, ಬರೀರಿ ಅಂದಳು. ಪಾದ್ರಿ ಕಾಗದ ತಂದರು, ಊರೇ ಸುತ್ತ ನಿಂತಿತು, ದೋನ್ ಬರೆದ. ಈ ಜಾಗ ಬೆಂಚಿನದು, ಬೆಂಚು ಕೂತೋರದು. ಅದನ್ನ ಪೆಟ್ಟಿಗೇಲಿ ಬಚ್ಚಿಡಲಿಲ್ಲ, ಚರ್ಚಿನ ಬಾಗಿಲಿಗೆ ಮೊಳೆ ಹೊಡೆದರು, ಎಲ್ಲರೂ ದಿನಾ ನೋಡಲಿ ಅಂತ. ಹಂಗೆ ಮಾಡಬೇಕು. ನಮ್ಮ ಬಸ್‌ಸ್ಟ್ಯಾಂಡ್ ಹತ್ರ ನನ್ನ ಇಡ್ಲಿ ಗಾಡಿ ಎತ್ತಿಸಿದಾಗ ನನ್ನ ಹತ್ರ ಅಂಥದ್ದೊಂದು ಕಾಗದ ಇರಲಿಲ್ಲ, ಮೊಳೆ ಹೊಡೆಯೋ ಬಾಗಿಲೂ ಇರಲಿಲ್ಲ. ಅದಕ್ಕೇ ಕುವೈತಿಗೆ ಹೋಗಿದ್ದು. ಇರಲಿ, ಅದು ಬೇರೆ ಮಾತು.

ದೋನ್ ಒಳ್ಳೆಯವನಾದ್ನಾ ಅಜ್ಜಿ?

ಯಾರಿಗೆ ಗೊತ್ತು ಮಗಾ. ಒಂದು ಊಟಕ್ಕೆ ಯಾರೂ ಒಳ್ಳೆಯವರಾಗಲ್ಲ. ಆದ್ರೆ ಮುಂದಿನ ವರ್ಷ ಹಬ್ಬಕ್ಕೆ ಅವನು ಬಂದು ಬೆಂಚಿನ ಪಕ್ಕ ಸುಮ್ಮನೆ ನಿಂತಿದ್ದನಂತೆ, ರೇಷ್ಮೆ ಅಂಗಿ ಇಲ್ಲದೆ. ಕನ್ನಡಿ ಹೋಟ್ಲಲ್ಲಿ ಆಗಲೇ ಕೋಳಿಗಳು ಮಲಗ್ತಿದ್ವಂತೆ. ಈಸ್ಕಾ ಬಟ್ಟಲು ಸಾರು ಹಿಡ್ಕೊಂಡು, ಬನ್ನಿ ಉಣ್ಣೋಣ ಅಂದಳಂತೆ. ಅವನು ತುದೀಲಿ ಕೂತನಂತೆ. ಆಮೇಲೆ ಇನ್ನೊಬ್ಬ ಬಂದನಂತೆ, ಬರಿಗಾಲಲ್ಲಿ. ಸ್ವಲ್ಪ ಸರೀರಿ ಅಂದನಂತೆ. ದೋನ್ ಅತ್ತ ಇತ್ತ ನೋಡಿ, ಯಾರೂ ಹೇಳಿಕೊಡದೇನೇ, ಸರಿದು ಕೂತನಂತೆ.

ಅವರೆಲ್ಲಾ ಉಂಡರು, ನಮ್ಮ ಕತೇನೂ ಮುಗೀತು. ನೀಲೂ? ಹೂಂ ಅನ್ನಲ್ವಾ? ಮಲಗಿಬಿಟ್ಯಾ? ಹಾಸಿಗೆ ಪೂರ್ತಿ ನೀನೇ ಹಿಡ್ಕೊಂಡ್ರೆ ನಾನೆಲ್ಲಿ ಬೀಳಲಿ. ಸ್ವಲ್ಪ ಸರ್ಕೋ ಕಂದಾ. ಹಾಂ, ಅಷ್ಟು ಸಾಕು.