ದುರ್ಗಿ ಎಂಬ ಹಾಯಿ

ಬಂದರಿನ ಹಾಯಿ ಗೋದಾಮಿನಲ್ಲಿ ಜಟ್ಟಿ ಖಾರ್ವಿ ಒಬ್ಬನೇ. ಹಡಗಿನ ಹಾಯಿ ಹೊಲಿದು ಸುತ್ತಿಡುವುದು ಅವನ ಕೆಲಸ. ಮಾತಾಡಲು ಯಾರೂ ಇಲ್ಲದ್ದಕ್ಕೆ ಒಂದೊಂದು ಹಾಯಿಗೂ ಮನೆಯವರ ಹೆಸರಿಟ್ಟು ಮಾತಾಡಿಸುತ್ತಿದ್ದ.

ಗೋದಾಮಿನ ಉಸ್ತುವಾರಿಗೆ ಹೊಸದಾಗಿ ಬಂದ ಸಾಹೇಬರ ಕಿವಿಗೆ ಅದು ಬಿತ್ತು. "ಹಾಯಿಗೆ ಪುಸ್ತಕದಲ್ಲಿ ಹೆಸರಿದೆ. ಟಾಪ್‌ಗ್ಯಾಲಂಟ್, ರಾಯಲ್, ಸ್ಕೈಸೇಲ್. ನಿನ್ನ ಹೆಸರೆಲ್ಲ ಇವತ್ತೇ ಮರೆ, ಇಲ್ಲವೇ ಕೆಲಸ ಬಿಡು."

"ಮರೆತೆ, ಒಡೆಯಾ."

ಮರುದಿನ ಮೂರು ಕಂಬದ ಹಡಗು ಉಬ್ಬರ ಇಳಿಯುವ ಮೊದಲು ಹೊರಡಬೇಕಿತ್ತು. "ಸ್ಕೈಸೇಲ್ ತಾ" ಎಂದರು ಸಾಹೇಬರು.

ಜಟ್ಟಿ ಕೈಕಟ್ಟಿ ನಿಂತ. "ಪುಸ್ತಕ ನೋಡಿ ತೋರಿಸಿ, ಹೊತ್ತು ತರುತ್ತೇನೆ."

ಅಲ್ಲಿ ಸಣ್ಣದು ದೊಡ್ಡದು ಸೇರಿ ಅರವತ್ತು ಸುರುಳಿ, ಯಾವುದರ ಮೇಲೂ ಹೆಸರಿಲ್ಲ. ಸಾಹೇಬರು ನಾಲ್ಕು ಬಿಚ್ಚಿಸಿ ಬೆವರಿದರು.

"ನಿನಗೆ ಗೊತ್ತಿತ್ತಲ್ಲವೋ?"

"ಹೆಸರಿನ ಗುರುತಲ್ಲೇ ಗೊತ್ತಿತ್ತು. ನೀವು ಮರೆಯಲು ಹೇಳಿದಿರಿ."

"ಏನದು ಹೆಸರು?"

"ದುರ್ಗಿ. ಎಲ್ಲಕ್ಕಿಂತ ಮೇಲಿನ ಪುಟ್ಟ ಹಾಯಿ. ಗಾಳಿ ಜೋರಾದರೆ ಮೊದಲು ಇಳಿಸುವುದು ಅದನ್ನೇ. ನನ್ನ ಹೆಂಡತಿ ದುರ್ಗಿಯೂ ಹಾಗೇ, ಎಲ್ಲರಿಗಿಂತ ಮೊದಲು ಹೋದಳು."

ಸಾಹೇಬರು ಪುಸ್ತಕ ಮಡಚಿದರು. "ಸರಿ, ದುರ್ಗಿಯನ್ನು ಕರೆದುಕೊಂಡು ಬಾ."

ಜಟ್ಟಿ ಕದಲಲಿಲ್ಲ. ಅವಳು ಹೋದ ಒಂಬತ್ತು ವರ್ಷದಲ್ಲಿ ಆ ಹೆಸರನ್ನು ಬೇರೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ಇನ್ನೊಮ್ಮೆ ಹೇಳಿ, ಒಡೆಯಾ," ಅಂದ. "ಕಿವಿ ಸ್ವಲ್ಪ ಮಂದ."