ಮೋಡೆಮ್‌ಗೆ ಇಟ್ಟ ಕುಂಕುಮ

"ಗುರುಗಳೇ, ಕಾರಣವನ್ನು ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟರೆ ಯಾರಾದರೂ ತಮ್ಮ ತಪ್ಪನ್ನು ಒಪ್ಪಲೇಬೇಕಲ್ಲವೇ?" ಎಂದು ಶಿಷ್ಯ ಕೇಳಿದ.

"ಒಂದು ಕತೆ ಇದೆ. ಆದರೆ ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಬೇಡದ್ದನ್ನೆಲ್ಲ ಬಿಡಿಸಿ ಹೇಳುತ್ತೇನೆ, ಬೇಕಾದ್ದು ಬಿಟ್ಟುಹೋಗುತ್ತದೆ. ಕ್ಷಮಿಸಬೇಕು" ಎಂದು ಹೇಳಿ ಗುರುಗಳು ಶುರುಮಾಡಿದರು.

ಒಂದು ಹೋಬಳಿಯಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಯವನೊಬ್ಬನಿದ್ದ. ಆ ಊರಿಗೆ ಇಂಟರ್ನೆಟ್ಟಿನ ತಂತಿ ಬಂದಿರಲಿಲ್ಲ. ಫೋನಿನಲ್ಲೇ ಅರ್ಜಿ ಕಳಿಸುವ ಕಾಲವೂ ಅದಲ್ಲ. ಅವನ ಬಳಿ ಒಂದು ಯುಎಸ್‌ಬಿ ಮೋಡೆಮ್ ಇತ್ತು. ಮೋಡೆಮ್ ಎಂದರೆ ಬೆರಳುದ್ದದ ವಸ್ತು. ಒಳಗೆ ಸಿಮ್ ಇರುತ್ತದೆ, ಒಂದು ತುದಿಗೆ ತಗಡಿನ ಮೂತಿ. ಆ ಮೂತಿಯನ್ನು ಕಂಪ್ಯೂಟರಿಗೆ ಚುಚ್ಚಿದರೆ ನೀಲಿ ದೀಪ ಹತ್ತುತ್ತದೆ. ದೀಪ ಹತ್ತಿದರೆ ಅರ್ಜಿ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಇಷ್ಟು ಗೊತ್ತಿದ್ದರೆ ಸಾಕು.

ಅಂಗಡಿಯಲ್ಲಿ ಒಬ್ಬ ಹೆಂಗಸು ಟೈಪು ಮಾಡುತ್ತಿದ್ದಳು. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗಳನ್ನು ನರ್ಸಿಂಗಿಗೆ ಸೇರಿಸಬೇಕೆಂಬ ಆಸೆ. ಅರ್ಜಿಗೆ ಬೇಕಾದ ಆದಾಯ ಪತ್ರ ಕೈಗೆ ಬರುವಷ್ಟರಲ್ಲಿ ಆಯುಧಪೂಜೆ ಬಂದುಬಿಟ್ಟಿತ್ತು. ಹಬ್ಬ ಮುಗಿದು ಅಂಗಡಿ ತೆರೆಯುವ ದಿನವೇ ಅರ್ಜಿಗೆ ಕೊನೆಯ ದಿನ, ಸಂಜೆ ಐದರವರೆಗೆ. ಊರ ಮಕ್ಕಳ ನೂರಾರು ಅರ್ಜಿಗಳನ್ನು ಕಳಿಸಿದ ಕೈ ಅವಳದು. ಇದೊಂದು ಕಳಿಸುವುದು ದೊಡ್ಡದೇ ಎಂದುಕೊಂಡಿದ್ದಳು.

ಆ ದಿನ ಮೋಡೆಮಿನ ದೀಪ ಹತ್ತಲಿಲ್ಲ.

ಅಂಗಡಿಯವನು ಮೋಡೆಮನ್ನು ಕಿತ್ತು ಮತ್ತೆ ಚುಚ್ಚಿದ. ಪಕ್ಕದ ತೂತಿಗೆ ಹಾಕಿದ. ಕಂಪ್ಯೂಟರನ್ನು ಆರಿಸಿ ಹಚ್ಚಿದ. ಸಿಮ್ ತೆಗೆದು ಅಂಗಿಗೆ ಉಜ್ಜಿ ಹಾಕಿದ. ಸಾಫ್ಟ್‌ವೇರನ್ನು ಅಳಿಸಿ ಹೊಸದಾಗಿ ಕೂರಿಸಿದ. ಕಂಪನಿಗೆ ಫೋನು ಮಾಡಿ ಮುಕ್ಕಾಲು ಗಂಟೆ ಹಾಡು ಕೇಳಿದ. ಹೆಂಗಸು ಗೋಡೆಯ ಗಡಿಯಾರ ನೋಡುತ್ತಿದ್ದಳು. ಮೂರಾಯಿತು.

ಕಾರಣ ಅವಳಿಗೆ ಗೊತ್ತಿತ್ತು. ಅಂಗಡಿಯವನು ಪ್ರತಿ ಆಯುಧಪೂಜೆಗೂ ಕುಂಕುಮವನ್ನು ನೀರಿನಲ್ಲಿ ಕಲಸಿ ಕಂಪ್ಯೂಟರಿಗೊಂದು, ಪ್ರಿಂಟರಿಗೊಂದು, ಮೋಡೆಮಿಗೊಂದು ಬೊಟ್ಟು ಇಡುತ್ತಿದ್ದ. ಮುಂಚೆ ಮೋಡೆಮಿನ ಮೂತಿಗೆ ಮುಚ್ಚಳವಿತ್ತು, ಬೊಟ್ಟು ಮುಚ್ಚಳದ ಮೇಲೆ ಬೀಳುತ್ತಿತ್ತು. ಆ ವರ್ಷ ಮುಚ್ಚಳ ಕಳೆದುಹೋಗಿತ್ತು. ಅವನು ಮೂತಿಯನ್ನೇ ಹಣೆಯೆಂದುಕೊಂಡು ಧಾರಾಳವಾಗಿ ಇಟ್ಟಿದ್ದ. ಗಂಡ ಸತ್ತವಳೆಂದು ಅವಳನ್ನು ಪೂಜೆಗೆ ಒಳಗೆ ಕರೆದಿರಲಿಲ್ಲ. ಅವಳು ಹೊಸ್ತಿಲಾಚೆ ನಿಂತು ಅದನ್ನು ನೋಡಿದ್ದಳು.

"ಅಣ್ಣಾ, ಮೂತಿಯೊಳಗೆ ಕುಂಕುಮ ಒಣಗಿದೆ ಅನ್ಸುತ್ತೆ. ಒಂಚೂರು ಒರೆಸಿ ನೋಡೋಣ್ವಾ?" ಎಂದಳು.

ಪೂಜೆಯ ಕುಂಕುಮವನ್ನು ಯಾರೂ ಒರೆಸುವುದಿಲ್ಲ, ಅದು ತಾನಾಗಿಯೇ ಮಾಸಬೇಕು. ಅಂಗಡಿಯವನ ಮುಖ ಬಿಗಿದುಕೊಂಡಿತು.

"ಕುಂಕುಮ ಒರೆಸೋದು ನಿನಗೆ ರೂಢಿ ಆಗಿರಬಹುದು ಕಣಮ್ಮಾ. ನಮ್ಮನೇಲಿ ಆ ಪದ್ಧತಿ ಇಲ್ಲ" ಎಂದ. ಆಮೇಲೆ ಏನೋ ಹೊಳೆದವನಂತೆ, "ಪೂಜೆ ಆದ್ಮೇಲೆ ಇವತ್ತು ಬೆಳಿಗ್ಗೆ ಇದನ್ನ ಮೊದಲು ಮುಟ್ಟಿದ್ದು ಯಾರು?" ಎಂದು ಕೇಳಿದ.

"ನಾನೇ. ಬಾಗಿಲು ತೆಗೆದವಳು ನಾನೇ ಅಲ್ವಾ ಅಣ್ಣಾ."

"ಅದಕ್ಕೇ ಮತ್ತೆ! ಹೊರಡು. ನಾಳೆಯಿಂದ ಬರೋದು ಬೇಡ."

ಅವಳು ಮಗಳ ಆದಾಯ ಪತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು. ತಾಲ್ಲೂಕಿನಲ್ಲಿ ಇನ್ನೊಂದು ಅಂಗಡಿಯಿತ್ತು. ಬಸ್ಸು ಅಲ್ಲಿಗೆ ಮುಟ್ಟಿದಾಗ ಐದೂ ಇಪ್ಪತ್ತು. ಆ ಅಂಗಡಿಯ ಮೋಡೆಮ್ ಚೆನ್ನಾಗಿತ್ತು. ಪರದೆಯ ಮೇಲೆ, ಅವಧಿ ಮುಗಿದಿದೆ ಎಂಬ ಸಾಲು ಅಚ್ಚುಕಟ್ಟಾಗಿ ಮೂಡಿತು.

ಇತ್ತ ಆರಕ್ಕೆ ರಿಪೇರಿಯವನು ಬಂದ. ಮೂತಿಯೊಳಗೆ ಇಣುಕಿದವನೇ ಗುಂಡುಪಿನ್ನಿನಿಂದ ಕೆರೆದ, ಬಟ್ಟೆಯಿಂದ ಒರೆಸಿದ. ಅಂಗಡಿಯವನು ಬೇಡವೆನ್ನಲಿಲ್ಲ. ನೀಲಿ ದೀಪ ಹತ್ತಿತು. ರಿಪೇರಿಯವನು ಪಿನ್ನಿನ ತುದಿಯ ಕೆಂಪು ಪುಡಿಯನ್ನು ಅವನ ಕಣ್ಣ ಮುಂದೆ ಹಿಡಿದು, "ಏನ್ ಸ್ವಾಮೀ, ಮೋಡೆಮಿಗೆ ಮದುವೆ ಮಾಡಿದ್ರಾ?" ಎಂದು ನಕ್ಕ.

ಅಂಗಡಿಯವನು ಪುಡಿಯನ್ನು ನೋಡಿದ. ಚೆನ್ನಾಗಿಯೇ ನೋಡಿದ. "ಐದು ವರ್ಷದಿಂದ ಇಡ್ತಿದೀನಪ್ಪಾ, ಒಂದು ದಿನ ಕೆಟ್ಟಿದ್ದಿಲ್ಲ. ಈಗ್ ನೋಡು, ಅವಳು ಅತ್ತ ಹೋದಳು, ಇತ್ತ ದೀಪ ಹತ್ತಿತು" ಎಂದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. "ನಿನಗೆ ಅರ್ಥವಾಯಿತೋ ಇಲ್ಲವೋ, ನಾನೇ ಬಿಡಿಸಿ ಹೇಳುತ್ತೇನೆ. ಇಲ್ಲಿ ಕುಂಕುಮದ್ದು ತಪ್ಪಿಲ್ಲ. ಪೂಜೆಯದ್ದೂ ಅಲ್ಲ. ದೀಪ ಎಂದರೆ ಏನೆಂದರೆ..."

ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು: "ಗುರುಗಳೇ, ಪಂಕ್ತಿಯಲ್ಲಿ ಎಲೆ ಹಾಕಿಯಾಯ್ತು. ಎಲ್ಲರೂ ಕಾಯ್ತಿದ್ದಾರೆ, ಬರಬೇಕು."

ಗುರುಗಳು ಅರ್ಧಕ್ಕೇ ಎದ್ದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಗುರುಗಳೇ, ಒಂದು ಮಾತು. ಅಷ್ಟೆಲ್ಲ ಗೊತ್ತಿದ್ದವಳು ಅವನ ಕಣ್ಣುತಪ್ಪಿಸಿ ತಾನೇ ಒರೆಸಿಬಿಡಬಹುದಿತ್ತಲ್ಲ? ಮೂರು ಗಂಟೆಯವರೆಗೆ ಸುಮ್ಮನೆ ಕೂತದ್ದು ಅವಳ ತಪ್ಪಲ್ಲವೇ?"

ಗುರುಗಳು ಬಾಗಿಲಲ್ಲಿ ನಿಂತು ತಿರುಗಿ ಹೇಳಿದರು: "ನೋಡಿದೆಯಾ, ಇಷ್ಟು ಬಿಡಿಸಿ ತೋರಿಸಿದರೂ ನಿನ್ನ ಬೆರಳು ಹೋದದ್ದು ಅವಳ ಕಡೆಗೇ."