ಇಪ್ಪತ್ನಾಲ್ಕು ಹಲ್ಲಿನ ಕಡಗ

ಹೊಳೆದಂಡೆಯ ಆ ಬೆಳ್ಳಿ ಕೆಲಸದ ಮನೆಯಲ್ಲಿ ಹೂವು, ಬಳ್ಳಿ, ನವಿಲಿಗೆ ಜಾಗವಿರಲಿಲ್ಲ. ಗುರು ಮೌನೇಶ ಪತ್ತಾರರು ಕಲಿಸುತ್ತಿದ್ದುದು ಯಂತ್ರದ ಚೆಲುವನ್ನು: ಸ್ಪ್ರಿಂಗಿನಂಥ ಬಳೆ, ನಟ್ಟಿನಂಥ ಉಂಗುರ, ಬೇರಿಂಗಿನಂಥ ಓಲೆ.

ಶಿಷ್ಯೆ ನೀಲಗಂಗಾ ತೀರಿಹೋದ ತನ್ನ ಅವ್ವನ ಕಾಲ್ಕಡಗ ತಂದಿದ್ದಳು. ಅವ್ವ ಹತ್ತಿ ಮಿಲ್ಲಿನ ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತವಳು. ಕಡಗದ ಒಂದು ಬದಿ ಅವಳ ಕಾಲಿಗೆ ಉಜ್ಜಿ ಸವೆದು ತೆಳ್ಳಗಾಗಿತ್ತು. ಅದರ ಸುತ್ತ ಇಪ್ಪತ್ನಾಲ್ಕು ಹಲ್ಲು ಬೆಸೆದು, ಮಿಲ್ಲಿನ ಗಾಲಿಯ ಹಾಗೆ ಮಾಡಿ ಪದಕದಂತೆ ಕೊರಳಿಗೆ ಹಾಕಿಕೊಳ್ಳಬೇಕೆಂಬುದು ಮಗಳ ಆಸೆ.

ಆಸೆಯೇನೋ ಸರಿ, ಅಂಜಿಕೆ ಬಿಡಬೇಕಲ್ಲ. ಉರಿ ಒಂದು ಗಳಿಗೆ ಹೆಚ್ಚಾದರೆ ಬೆಳ್ಳಿ ಉಳಿಯುತ್ತದೆ, ಅವ್ವನ ಸವೆತ ಉಳಿಯುವುದಿಲ್ಲ. ಅಭ್ಯಾಸಕ್ಕೆಂದು ಮಾಡಿದ ಎರಡು ಗಾಲಿ ಆಗಲೇ ಕರಗಿ ಮುದ್ದೆಯಾಗಿದ್ದವು. ಧೈರ್ಯಂ ಸರ್ವತ್ರ ಸಾಧನಂ ಎನ್ನುವುದು ಸುಲಭ. ಉರಿ ಹಿಡಿದ ಕೈಯ ಕಷ್ಟ ಆ ಕೈಗೇ ಗೊತ್ತು.

ಅಂದು ಅವಳು ಚೆನ್ನಾಗಿ ಕಾಣಲೆಂದು ನಾಲ್ಕೂ ಕಿಟಕಿ ತೆರೆದಳು. ಊದುಗೊಳವೆ ಹಿಡಿದು, ಕಡಗಕ್ಕೆ ತಾಗದಂತೆ ಹಲ್ಲುಗಳಿಗಷ್ಟೇ ಉರಿ ಹಾಯಿಸಿದಳು. ಬೆಸುಗೆಯ ಚೂರುಗಳು ಗುಂಡಗಾಗಿ ಕೂತವು, ಸಂದಿಗೆ ಹರಿಯಲಿಲ್ಲ.

“ಕಡಗಕ್ಕ ಯಾಕ ಉರಿ ಹಿಡೀವಲ್ಲಿ?” ಎಂದರು ಗುರು.

“ಅಂಜಿಕಿ ಬರ್ತದ್ರಿ ಗುರುಗಳ. ಕರಗಿಬಿಟ್ರ?”

“ಎರಡೂ ಒಂದ ಕಾವಿಗೆ ಬರದಿದ್ರ ಕೂಡೂದಿಲ್ಲ ಮಗಳ.”

ಅವರು ಎದ್ದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದರು. ಹಾಡಹಗಲೇ ಕೋಣೆ ಕತ್ತಲಾಯಿತು.

“ಏನೂ ಕಾಣವಲ್ದ್ರಿ!” ಎಂದಳು ಅವಳು.

“ಬಿಸಿಲಾಗ ಬೆಳ್ಳಿ ಕೆಂಪಾಗೂದು ಕಾಣೂದಿಲ್ಲ. ಆ ಎರಡು ಗಾಲಿ ಕರಗಿದ್ದು ಬೆಳಕಿನಾಗ. ಹಿಡಿ ಉರಿ.”

ನೀಲಗಂಗಾ ಕಡಗದ ಇಡೀ ಮೈಗೆ ಉರಿ ಸುತ್ತಿಸಿದಳು. ಅಂಗೈ ಬೆವರಿತು. ಕತ್ತಲಲ್ಲಿ ಬೆಳ್ಳಿ ಮೆಲ್ಲಗೆ ಕೆಂಪೇರತೊಡಗಿತು. ಎಲ್ಲಕ್ಕಿಂತ ಮೊದಲು ಕೆಂಪಾದದ್ದು ಅವ್ವನ ಸವೆತ. ಉರಿಯನ್ನು ಅಲ್ಲಿಂದ ಸರಿಸಿ ದಪ್ಪ ಬದಿಗೆ ತಿರುಗಿಸಿದಳು. ಬೆಸುಗೆ ಫಳ್ಳನೆ ಸಂದಿಗೆ ಹರಿಯಿತು. ತಕ್ಷಣ ಉರಿ ತೆಗೆದಳು.

ಕಿಟಕಿ ತೆರೆದಾಗ ಇಪ್ಪತ್ನಾಲ್ಕೂ ಹಲ್ಲು ನೆಟ್ಟಗೆ ನಿಂತಿದ್ದವು. ಸವೆತ ಹಾಗೇ ಇತ್ತು. ಅವಳು ಅತ್ತೇಬಿಟ್ಟಳು.

“ಈ ಅಂಜಿಕಿ ಯಾವಾಗ ಹೋಗ್ತದ್ರಿ?”

ಗುರು ಬೆವೆತ ತಮ್ಮ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು.

“ಹೋದ ದಿನ ನನಗ ಹೇಳು. ಅವತ್ತಿನಿಂದ ನಿನ್ನ ಕೈಗೆ ಯಾರ ಅವ್ವನ ಕಡಗಾನೂ ಕೊಡೂದಿಲ್ಲ.”